ಅಕ್ಕ ಕೈಬಿಟ್ಟ ಆಟಗಾರರು

ಅನುಮಾನ ಪಡುವುದು ತಕ್ಕಡಿಯ ಸ್ವಭಾವವೋ ಉದ್ಯೋಗವೋ ಎಂಬುದನ್ನು ಅವನ ಹೆಂಡತಿ ಮದುವೆಯಾಗಿ ಇಷ್ಟು ವರ್ಷವಾದರೂ ತೀರ್ಮಾನಿಸಿರಲಿಲ್ಲ. ಅವನು ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರು. ತಟ್ಟೆಯ ಅಡಿಗೆ ಅಂಟಿಸಿದ ಅಯಸ್ಕಾಂತ, ಒಳಗೆ ಕೊರೆದು ಮೇಲೆ ಬಣ್ಣ ಬಳಿದ ತೂಕದ ಕಲ್ಲು, ಗಿರಾಕಿ ಅತ್ತ ತಿರುಗಿದಾಗ ತಟ್ಟೆಗೆ ತಾಗುವ ಕಿರುಬೆರಳು, ಇವನ್ನೆಲ್ಲ ಹಿಡಿದು ಹಿಡಿದು ಅವನ ಕಣ್ಣಿಗೆ ಲೋಕವೇ ಒಂದು ಕಡೆಗೆ ವಾಲಿದಂತೆ ಕಾಣುತ್ತಿತ್ತು. ಮನೆಯವರು ಇಟ್ಟ ತಕ್ಕಡಿ ಎಂಬ ಅಡ್ಡಹೆಸರು ಎಷ್ಟು ಒಗ್ಗಿಹೋಗಿತ್ತೆಂದರೆ ಹೆತ್ತ ಅಮ್ಮನೂ ಅವನನ್ನು ಹೆಸರು ಹಿಡಿದು ಕರೆಯುವುದನ್ನು ಬಿಟ್ಟಿದ್ದಳು. "ನಿಮಗೆ ಮೊಸರಲ್ಲೂ ಕಲ್ಲು ಸಿಗುತ್ತೆ ಕಣ್ರೀ" ಎಂದು ಹೆಂಡತಿ ಅಂದರೆ, "ಹುಡುಕಿದ್ರೆ ತಾನೇ ಸಿಗೋದು" ಎಂದು ಅವನು ಗಂಭೀರವಾಗಿಯೇ ಉತ್ತರ ಕೊಡುತ್ತಿದ್ದ.

ಅಂಥವನಿಗೆ ಸ್ವಂತ ಅಕ್ಕನ ಮೇಲೆ ಅನುಮಾನ ಬಂದದ್ದು ತಂಡ ಆರಿಸುವ ಭಾನುವಾರ.

ಅಮ್ಮನ ಮನೆಯಲ್ಲಿ ಐದು ಜನ ಸೇರಿ ಫ್ಯಾಂಟಸಿ ಹಾಕಿ ಆಡುತ್ತಿದ್ದರು. ಯಾರೂ ಸ್ಟಿಕ್ ಹಿಡಿಯುತ್ತಿರಲಿಲ್ಲ. ಅಮ್ಮನಂತೂ ಊರುಗೋಲನ್ನೇ ಹಿಡಿಯಲು ಒಪ್ಪದವಳು. ಲೀಗ್‌ನಲ್ಲಿ ಆಡುವ ನಿಜವಾದ ಆಟಗಾರರನ್ನು ಒಬ್ಬರಾದ ಮೇಲೆ ಒಬ್ಬರು ಹೆಸರು ಹೇಳಿ ತಂತಮ್ಮ ತಂಡಕ್ಕೆ ಸೇರಿಸಿಕೊಳ್ಳಬೇಕು. ಒಬ್ಬರು ತೆಗೆದುಕೊಂಡವನು ಇನ್ನೊಬ್ಬರಿಗಿಲ್ಲ. ಅವನು ಅಲ್ಲಿ ಮೈದಾನದಲ್ಲಿ ಗೋಲು ಹೊಡೆದರೆ ಇಲ್ಲಿ ಇವರಿಗೆ ಅಂಕ. ಕೊನೆಯ ಸ್ಥಾನಕ್ಕೆ ಬಂದವರು ಮುಂದಿನ ವರ್ಷವಿಡೀ, ಎಲ್ಲರೂ ಸೇರಿದಾಗಲೆಲ್ಲ, ಊಟದ ಪಾತ್ರೆ ತೊಳೆಯಬೇಕು. ಅದಕ್ಕೆ ಸಮಾಧಾನವಾಗಿ ಮುಂದಿನ ಸಲ ಮೊದಲು ಆರಿಸುವ ಹಕ್ಕು ಅವರದೇ.

ಮೊದಲು ಆರಿಸುವುದು ಪ್ರತಿ ವರ್ಷವೂ ಅಕ್ಕನೇ. ಪಾತ್ರೆ ತೊಳೆಯುವುದೂ ಅಕ್ಕನೇ. ಅವಳು ಊರಿನ ದೊಡ್ಡ ಮೂಳೆ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವಳು. ಮದುವೆ ಬೇಡವೆಂದು ಅಮ್ಮನ ಜೊತೆಗೇ ಉಳಿದಿದ್ದಳು. ಮಾತು ಕಡಿಮೆ. ಮನೆ ನಡೆಯುತ್ತಿದ್ದುದು ಅವಳ ಕೆಲಸದಿಂದ, ಅವಳು ನಡೆಯುತ್ತಿದ್ದುದೂ ಅದರಿಂದಲೇ. ರಜೆಯ ದಿನ ಅವಳ ಮುಖ ಸಪ್ಪೆಯಾಗಿರುತ್ತಿತ್ತು.

ಈ ಸಲವೂ ಎಲ್ಲರೂ ಮಡಿಸುವ ಮೇಜಿನ ಸುತ್ತ ಕೂತಿದ್ದರು. ಲೀಗ್‌ನಲ್ಲಿ ಗರಗಸ ಎಂದು ಕರೆಸಿಕೊಳ್ಳುವ ಆಟಗಾರನೊಬ್ಬನಿದ್ದ. ಪೆನಾಲ್ಟಿ ಕಾರ್ನರ್ ಸಿಕ್ಕಿತೆಂದರೆ ಎದುರಾಳಿಗಳ ಸಾಲನ್ನು ಕೊಯ್ದುಕೊಂಡು ಚೆಂಡು ಗೋಲಿನ ಹಲಗೆಗೆ ಬಡಿಯುತ್ತಿತ್ತು. ಮೊದಲ ಸರದಿ ಇದ್ದವರು ಅವನನ್ನು ಬಿಟ್ಟು ಬೇರೆಯವರ ಹೆಸರು ಹೇಳಿದರೆ ತಲೆ ಕೆಟ್ಟಿದೆ ಎಂದೇ ಅರ್ಥ.

"ನನಗೆ ಮೇಷ್ಟ್ರು" ಎಂದಳು ಅಕ್ಕ.

ಮೇಷ್ಟ್ರು ಎಂದರೆ ಮೈದಾನದ ನಡುವೆ ಆಡುವ, ವಯಸ್ಸಾದ ಒಬ್ಬ ಹಾಫ್. ಓಡುವುದಕ್ಕಿಂತ ಉಳಿದವರಿಗೆ ಕೈ ತೋರಿಸಿ ಹೇಳಿಕೊಡುವುದೇ ಜಾಸ್ತಿ. ಅಮ್ಮ ಹಣೆ ಚಚ್ಚಿಕೊಂಡಳು. ಎರಡನೆಯ ಸರದಿ ತಕ್ಕಡಿಯದು. ಅವನು ಆಸೆ ತಡೆಯಲಾರದೆ, "ಗರಗಸ, ಗರಗಸ ನನಗೆ" ಎಂದು ಎರಡು ಸಲ ಹೇಳಿ ಕುರ್ಚಿಗೆ ಒರಗಿದ. ಆಗ ಅಕ್ಕ ಒಮ್ಮೆ ಅವನ ಕಡೆ ನೋಡಿ, ಲೋಟ ಎತ್ತಿ ನೀರು ಕುಡಿದಳು.

ಅಷ್ಟೇ. ಆದರೆ ತಕ್ಕಡಿಯ ಎದೆಯಲ್ಲಿ ಮುಳ್ಳು ಅಲ್ಲಾಡಿತು. ಕೈಗೆ ಬಂದ ತುತ್ತನ್ನು ಯಾರಾದರೂ ಪಕ್ಕದವನ ತಟ್ಟೆಗೆ ಹಾಕುತ್ತಾರೆಯೇ? ಮೂಳೆ ಆಸ್ಪತ್ರೆ, ಎಕ್ಸ್‌ರೇ ಕೋಣೆ. ಇವಳಿಗೆ ಏನೋ ಗೊತ್ತಿದೆ. ಕುಂಟು ಕುದುರೆಯನ್ನು ತಮ್ಮನ ಕೊರಳಿಗೆ ಕಟ್ಟಿ ನೀರು ಕುಡಿಯುತ್ತಿದ್ದಾಳೆ. ಮುಂದಿನ ಸುತ್ತಿನಲ್ಲಿ ಸೊಳ್ಳೆ ಎಂಬ ಗಿಡ್ಡ, ಚುರುಕು ಫಾರ್ವರ್ಡ್ ಇನ್ನೂ ಉಳಿದಿದ್ದ. ಅಕ್ಕ ಅವನನ್ನೂ ಬಿಟ್ಟಳು; ಅದೇ ಅನುಮಾನಕ್ಕೆ ತಕ್ಕಡಿಯೂ ಮುಟ್ಟಲಿಲ್ಲ. ಅವನನ್ನು ಬಾಚಿಕೊಂಡವನು ತಕ್ಕಡಿಯ ಷಡ್ಡಕ.

ಈ ಷಡ್ಡಕ ತಕ್ಕಡಿಯ ಹೆಂಡತಿಯ ತಂಗಿಯ ಗಂಡ. ಪತ್ರಿಕೆಯೊಂದರ ಕ್ರೀಡಾ ಪುಟ ನೋಡಿಕೊಳ್ಳುವವನು. ನಗುನಗುತ್ತಲೇ ಎದುರಿನವರ ಜೇಬು ತಡವಿ ನೋಡುವಂಥ ಮಾತು. ಅವನೂ ಅಕ್ಕನನ್ನೇ ನೋಡುತ್ತಿದ್ದುದನ್ನು ತಕ್ಕಡಿ ಗಮನಿಸಿದ. ಕಳ್ಳನ ಹೆಜ್ಜೆ ಕಳ್ಳನಿಗೆ ಗೊತ್ತು; ಅನುಮಾನದವನ ಕಣ್ಣು ಅನುಮಾನದವನಿಗೆ.

ತಂಡ ಆರಿಸಿದ ಮುಂದಿನ ಭಾನುವಾರ ಭವಿಷ್ಯ ಹೇಳುವ ಪದ್ಧತಿ. ಚೀಟಿ ಎತ್ತಿದಾಗ ಹೆಸರು ಬಂದವರ ತಂಡವನ್ನು ಒಂದು ವಾರ ಅಳೆದು ತೂಗಿ, ಅದರ ಗತಿ ಏನಾದೀತು, ಯಾರನ್ನು ಯಾಕೆ ತೆಗೆದುಕೊಂಡರು, ಯಾರನ್ನು ಯಾಕೆ ಬಿಟ್ಟರು ಎಂದು ಎಲ್ಲರ ಎದುರು ಹೇಳಬೇಕು. ಭವಿಷ್ಯ ಮುಗಿಯುವವರೆಗೆ ಆಟಗಾರರನ್ನು ಅದಲುಬದಲು ಮಾಡಿಕೊಳ್ಳಬಹುದು. ಆಮೇಲೆ ಬ್ರಹ್ಮ ಬಂದರೂ ಆಗದು. ತಕ್ಕಡಿಯ ಕೈಗೆ ಬಂದದ್ದು ಅಕ್ಕನ ಚೀಟಿ.

ಮಂಗಳವಾರ ಷಡ್ಡಕ ಅವನ ಕಚೇರಿಗೇ ಬಂದ. ಜಪ್ತಿ ಮಾಡಿ ತಂದ ತಕ್ಕಡಿಗಳ ರಾಶಿಯ ನಡುವೆ ಕುರ್ಚಿ ಸಿಗದೆ, ಮೂಟೆ ತೂಗುವ ಯಂತ್ರದ ಮೇಲೆ ಕೂತ. ಮುಳ್ಳು ಹತ್ತಿರ ಹತ್ತಿರ ಒಂದು ಮೂಟೆ ಅಕ್ಕಿಯಷ್ಟು ತೋರಿಸಿತು.

"ಭಾವ, ಅಕ್ಕನ ತಂಡದ ಭವಿಷ್ಯ ನಿಮ್ಮ ಕೈಲಿದೆ. ಒಂಚೂರು ಯೋಚ್ನೆ ಮಾಡಿ. ಗರಗಸನ್ನ ಯಾಕೆ ಬಿಟ್ರು? ಸೊಳ್ಳೇನ ಯಾಕೆ ಬಿಟ್ರು?"

"ಅವಳಿಗೆ ಹಾಕಿ ಗೊತ್ತಿಲ್ಲ ಕಣಯ್ಯ."

"ಅವರಿಗೆ ಗೊತ್ತಿಲ್ಲದೆ ಇರೋದು ಹಾಕಿ ಮಾತ್ರ. ಮೂಳೆ ವಿಷಯ ಗೊತ್ತು ತಾನೇ? ಸೀಸನ್ ಶುರುವಾಗೋ ಮುಂಚೆ ಇಂಥ ಆಟಗಾರ ಮೂಳೆ ಆಸ್ಪತ್ರೆ ಮೆಟ್ಟಿಲು ಹತ್ತಿದ್ದ ಅನ್ನೋದೇ ನನ್ನ ಪುಟಕ್ಕೆ ದೊಡ್ಡ ಸುದ್ದಿ. ಮುರಿದಿದ್ಯೋ ಇಲ್ವೋ ಆಮೇಲಿನ ಮಾತು."

"ಹಾಗೇನಾದ್ರೂ ಬರೆದ್ರೆ ಅಕ್ಕನ ಕೆಲಸ ಹೋಗುತ್ತೆ."

"ನಾನೆಲ್ಲಿ ಅಕ್ಕನ ಹೆಸರು ಹಾಕ್ತೀನಿ?" ಎಂದು ಷಡ್ಡಕ ನಕ್ಕ.

ಹೆಸರು ಹಾಕಬೇಕಾಗಿಯೇ ಇಲ್ಲ ಎಂಬುದು ತಕ್ಕಡಿಗೆ ಗೊತ್ತಿತ್ತು. ಹೋದ ವರ್ಷ ಅದೇ ಆಸ್ಪತ್ರೆಯ ಕೌಂಟರಿನಲ್ಲಿದ್ದ ಹೆಂಗಸೊಬ್ಬಳು ಯಾರೋ ಸಿನಿಮಾ ನಟನ ಕಾಲು ಮುರಿದದ್ದನ್ನು ಗೆಳತಿಗೆ ಹೇಳಿ, ಸಂಜೆಯೊಳಗೆ ಕೆಲಸ ಕಳೆದುಕೊಂಡು ಮನೆ ಸೇರಿದ್ದಳು. ಸುದ್ದಿ ಬಂದರೆ ಆಸ್ಪತ್ರೆಯವರು ಮೊದಲು ಕೇಳುವುದು, ಪತ್ರಿಕೆಯವನ ನಂಟರು ಇಲ್ಲಿ ಯಾರಿದ್ದಾರೆ ಎಂದು. ಷಡ್ಡಕ ಹೋದ ಮೇಲೆ ತಕ್ಕಡಿಗೆ ಸಿಟ್ಟು ಬಂತು. ಸಿಟ್ಟಿನ ಅಡಿಯಲ್ಲಿ, ನಾಚಿಕೆಯಿಲ್ಲದೆ, ಗರಗಸನ ಚಿಂತೆಯೂ ಕೂತಿತ್ತು.

ಬುಧವಾರ ಅವನು ಅಭ್ಯಾಸದ ಮೈದಾನಕ್ಕೆ ಹೋಗಿ ತಂತಿ ಬೇಲಿಗೆ ಮೂಗು ಹಚ್ಚಿ ನಿಂತ. ಗರಗಸ ಚೆನ್ನಾಗಿಯೇ ಇದ್ದ. ಚೆಂಡನ್ನು ಎಳೆದು ಬೀಸಿದರೆ ಹಲಗೆ ಸಿಡಿಯುವಂತೆ ಸದ್ದು. ಓಟದಲ್ಲಿ ಕುಂಟಿಲ್ಲ, ಬಾಗಿದರೆ ಸೊಂಟ ಹಿಡಿದುಕೊಳ್ಳುವುದಿಲ್ಲ. ಕೈಗೆ ಪಟ್ಟಿ ಸುತ್ತಿದ್ದ, ಆದರೆ ಅಲ್ಲಿ ಸುತ್ತದವರು ಯಾರು? ತಕ್ಕಡಿಗೆ ಸಮಾಧಾನವಾಗಬೇಕಿತ್ತು; ಆಗಲಿಲ್ಲ. ಗಟ್ಟಿ ಕುದುರೆಯನ್ನು ಅಕ್ಕ ಯಾಕೆ ಬಿಟ್ಟಳು? ಕೆಟ್ಟ ಮಾಲನ್ನು ಬಿಟ್ಟರೆ ಅರ್ಥವಾಗುತ್ತದೆ. ಒಳ್ಳೆಯದನ್ನು ಬಿಟ್ಟವರ ಮೇಲೆ ಇನ್ನೂ ಹೆಚ್ಚು ಕಣ್ಣಿಡಬೇಕು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅನ್ನುತ್ತಾರಲ್ಲ, ಅವನ ಕಣ್ಣಿಗೆ ಆ ವಾರ ಮೈದಾನದ ಹುಲ್ಲೂ ಹಳದಿಯಾಗಿತ್ತು.

ಗುರುವಾರ ಅವನು ಮಾಡಿದ ಕೆಲಸವನ್ನು ಇನ್ನೊಬ್ಬ ಇನ್ಸ್‌ಪೆಕ್ಟರು ಮಾಡಿದ್ದರೆ ತಾನೇ ಮೇಲಿನವರಿಗೆ ಬರೆಯುತ್ತಿದ್ದ. ಆಸ್ಪತ್ರೆಯ ತೂಕದ ಯಂತ್ರಗಳ ವಾರ್ಷಿಕ ತಪಾಸಣೆ ಅವನ ಸಹೋದ್ಯೋಗಿಯ ಪಾಲಿನದು. ಅದನ್ನು ಬೇಡಿ ತನ್ನ ಮೇಲೆ ಹಾಕಿಸಿಕೊಂಡ. ತೂಕದ ಕಲ್ಲುಗಳ ಮರದ ಪೆಟ್ಟಿಗೆ ಹೊತ್ತು, ಎಳೆಗೂಸುಗಳನ್ನು ತೂಗುವ ಯಂತ್ರ ನೋಡಿದ. ರೋಗಿಗಳು ನಿಲ್ಲುವ ಯಂತ್ರ ನೋಡಿದ. ಸೀಸದ ಮುದ್ರೆ ಒತ್ತಿದ. ಆಮೇಲೆ ತೂಗುವುದಕ್ಕೆ ಏನೂ ಇಲ್ಲದ ಎಕ್ಸ್‌ರೇ ಕೋಣೆಯ ಕಡೆ ನಡೆದ.

ಕಾರಿಡಾರಿನ ಬೆಂಚಿನಲ್ಲಿ ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು, ಮುಖಕ್ಕೆ ಮಾಸ್ಕ್ ಹಾಕಿಕೊಂಡು ಗಿಡ್ಡ ಮನುಷ್ಯನೊಬ್ಬ ಕೂತಿದ್ದ. ಕೂತಲ್ಲೇ ಎರಡೂ ಕಾಲು ಕುಣಿಸುತ್ತಿದ್ದ. ಪಕ್ಕದಲ್ಲಿ ಹಿಂದಿನ ತಿಂಗಳ ತಾರೀಕಿನ, ಇದೇ ಆಸ್ಪತ್ರೆಯ ಎಕ್ಸ್‌ರೇ ಲಕೋಟೆ ಇತ್ತು. ಟಿವಿಯಲ್ಲಿ ಆ ಕಾಲುಗಳನ್ನು ನೋಡದವರು ಯಾರು? ಅವನು ಸೊಳ್ಳೆ. ಬಾಗಿಲು ತೆರೆದು ಅಕ್ಕ ಹೊರಗೆ ಬಂದಳು. ಹೆಸರು ಕರೆಯಲಿಲ್ಲ, ಟೋಕನ್ ನಂಬರು ಹೇಳಿದಳು. ಗೋಡೆಗೆ ಒರಗಿ ನಿಂತ ತಮ್ಮನನ್ನು ಕಂಡಳು. ಅವಳ ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಲಿಲ್ಲ. ಸೊಳ್ಳೆಯನ್ನು ಒಳಗೆ ಬಿಟ್ಟುಕೊಂಡು ಬಾಗಿಲು ಮುಚ್ಚಿದಳು.

ಸಿಕ್ಕಿಬಿದ್ದಳು ಎಂದುಕೊಂಡ ತಕ್ಕಡಿ. ಪೆಟ್ಟಾದವರನ್ನು ಗೊತ್ತಿದ್ದೇ ಬಿಡುತ್ತಾಳೆ. ಹಾಗೆಂದುಕೊಂಡು ತಿರುಗಿದವನ ಕಣ್ಣಿಗೆ ಗೋಡೆಯ ಮೇಲಿದ್ದ ಒಂದು ಫೋಟೊ ಬಿತ್ತು. ದೊಡ್ಡ ಗೋಲ್‌ಕೀಪರ್ ಒಬ್ಬ ಹಲ್ಲು ಬಿಟ್ಟು ನಗುತ್ತಿದ್ದ. ಕೆಳಗೆ ಅವನದೇ ಅಕ್ಷರ: ಹೋದ ಸೀಸನ್ ಶುರುವಾಗುವ ಮುಂಚೆ ನನ್ನ ಭುಜ ನೋಡಿ, ಏನೂ ಆಗಿಲ್ಲ, ಹೋಗಿ ಆಡು ಎಂದು ಧೈರ್ಯ ಹೇಳಿ ಕಳಿಸಿದವರಿಗೆ ವಂದನೆ.

ತಕ್ಕಡಿ ಪೆಟ್ಟಿಗೆಯನ್ನು ನೆಲಕ್ಕಿಟ್ಟ. ಹೋದ ವರ್ಷ ಅಕ್ಕ ಆ ಗೋಲ್‌ಕೀಪರನ್ನೂ ಬಿಟ್ಟಿದ್ದಳು. ಅವನು ಷಡ್ಡಕನ ತಂಡಕ್ಕೆ ಹೋಗಿ, ಇಡೀ ಸೀಸನ್ ಗೋಡೆಯ ಹಾಗೆ ನಿಂತು, ಷಡ್ಡಕನನ್ನು ಗೆಲ್ಲಿಸಿದ್ದ. ಅಕ್ಕ ಎಂದಿನಂತೆ ಕೊನೆಗೆ ಬಂದು ವರ್ಷವಿಡೀ ಪಾತ್ರೆ ತೊಳೆದಿದ್ದಳು. ಅವನ ಭುಜ ಗಟ್ಟಿಯಾಗಿದೆ ಎಂದು ಅವನಿಗಿಂತ ಮುಂಚೆ ಗೊತ್ತಾದದ್ದು ಇವಳಿಗೆ. ಆದರೂ ಬಿಟ್ಟಳು.

ಮೋಸದ ತಕ್ಕಡಿ ಯಾವತ್ತೂ ಒಡೆಯನ ಕಡೆಗೇ ವಾಲುತ್ತದೆ. ತನ್ನ ಒಡೆಯನಿಗೇ ನಷ್ಟ ತರುವ ತಕ್ಕಡಿಯನ್ನು ಅವನು ಇಷ್ಟು ವರ್ಷದ ನೌಕರಿಯಲ್ಲಿ ಕಂಡಿರಲಿಲ್ಲ. ಅಕ್ಕ ಬಿಡುತ್ತಿದ್ದುದು ಪೆಟ್ಟಾದವರನ್ನು ಮಾತ್ರವಲ್ಲ. ತನ್ನ ಮೇಜಿನ ಮೇಲೆ ಮಲಗಿ ಎದ್ದವರು ಯಾರೇ ಆಗಲಿ, ಮುರಿದಿರಲಿ, ಗಟ್ಟಿಯಾಗಿರಲಿ, ಅವರನ್ನೆಲ್ಲ ಬಿಡುತ್ತಿದ್ದಳು. ಆ ಕೋಣೆಯಲ್ಲಿ ಕಂಡದ್ದರಿಂದ ಮನೆಯ ಮೇಜಿನ ಮೇಲೆ ಒಂದು ಅಂಕವೂ ಬರಬಾರದು ಎಂದು ಅವಳು ತನಗೆ ತಾನೇ ಹಾಕಿಕೊಂಡ ಕಟ್ಟು ಅದು.

ಅವನಿಗೆ ನಾಚಿಕೆಯಾಯಿತು. "ಪಾತ್ರೆ ರಾಣಿ" ಎಂದು ಅವಳಿಗೆ ಹೆಸರಿಟ್ಟವನೇ ಇವನು. ಅದರ ಬೆನ್ನಿಗೇ ಹೆದರಿಕೆಯೂ ಬಂತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ, ಯಾರಿಗೂ ಗೊತ್ತಾಗದೆಂದು ಅಕ್ಕ ನಂಬಿದ್ದಾಳೆ. ಬಾಯಿ ಮುಚ್ಚಿಕೊಳ್ಳಲು ಹುಡುಕಿದ ದಾರಿಯೇ ಊರಿಗೆಲ್ಲ ಹೇಳುತ್ತಿದೆ: ಇವಳು ಯಾರನ್ನು ಬಿಟ್ಟಳೋ ಅವರು ಆಸ್ಪತ್ರೆಗೆ ಬಂದಿದ್ದರು. ತನಗೆ ಹೊಳೆದದ್ದು ಷಡ್ಡಕನಿಗೆ ಹೊಳೆಯದೇ ಇದ್ದೀತೇ?

ಭಾನುವಾರದ ಊಟ ಮುಗಿಯಿತು. ಭವಿಷ್ಯ ಶುರುವಾಯಿತು. ಅಮ್ಮ ಸೊಸೆಯ ತಂಡದ ಬಗ್ಗೆ, "ಎಲ್ಲರ ಮುಖದಲ್ಲೂ ಸೋಮಾರಿತನ ಕಾಣ್ತಿದೆ" ಎಂದು ಎರಡೇ ಮಾತಿನಲ್ಲಿ ಮುಗಿಸಿದಳು. ಅಮ್ಮ ಆಟಗಾರರನ್ನು ಅಳೆಯುವುದು ಮುಖ ನೋಡಿಯೇ. ಆಮೇಲೆ ತಕ್ಕಡಿ ಎದ್ದು ನಿಂತ. ಅಕ್ಕನಿಗೆ ಸ್ಟಿಕ್ ಯಾವುದು, ಪೊರಕೆ ಯಾವುದು ಗೊತ್ತಿಲ್ಲ ಎಂದು ಲೇವಡಿ ಮಾಡಿ, ನಗಿಸಿ, ಮುಗಿಸಿಬಿಡಬೇಕೆಂದು ಅವನ ಲೆಕ್ಕ. ಬಾಯಿ ತೆರೆಯುವಷ್ಟರಲ್ಲಿ ಷಡ್ಡಕ ಕೈ ಎತ್ತಿದ.

"ಒಂದು ನಿಮಿಷ ಭಾವ. ಅದಲುಬದಲು ಮಾಡ್ಕೊಳ್ಳೋಕೆ ಇನ್ನೂ ಸಮಯ ಇದೆಯಲ್ಲ. ಅಕ್ಕಾ, ನಿಮಗೆ ಸೊಳ್ಳೇನ ಕೊಡ್ತೀನಿ. ನಿಮ್ಮ ಮೇಷ್ಟ್ರನ್ನ ನನಗೆ ಕೊಡಿ."

ಅಮ್ಮ ಕಣ್ಣರಳಿಸಿದಳು. "ತಗೊಳ್ಳೇ. ಕೇಳ್ದೇ ಕೊಡ್ತಿದಾನೆ."

"ಬೇಡಮ್ಮ" ಎಂದಳು ಅಕ್ಕ.

"ಯಾಕಕ್ಕಾ?" ಷಡ್ಡಕನ ದನಿಯಲ್ಲಿ ಸಕ್ಕರೆ. "ಕತ್ತೆ ಕೊಟ್ಟು ಕುದುರೆ ತಗೊಳ್ಳಿ ಅಂದ್ರೂ ಬೇಡ ಅಂತೀರಲ್ಲ. ಸೊಳ್ಳೆಗೆ ಏನಾದ್ರೂ ಆಗಿದ್ಯಾ?"

"ನನಗೇನು ಗೊತ್ತು? ನನಗೆ ಮೇಷ್ಟ್ರೇ ಸಾಕು."

"ಗರಗಸನ್ನೂ ಬೇಡ ಅಂದ್ರಿ. ಹೋದ ವರ್ಷ ಗೋಲ್‌ಕೀಪರೂ ಬೇಡ ಅಂದ್ರಿ. ಆಮೇಲೆ ನೋಡಿದ್ರೆ ಅವನ ಫೋಟೊ ನಿಮ್ಮ ಆಸ್ಪತ್ರೆ ಗೋಡೆ ಮೇಲಿದೆಯಂತೆ." ಷಡ್ಡಕ ಮೊಬೈಲು ಎತ್ತಿಕೊಂಡು ಮೊಣಕಾಲ ಮೇಲಿಟ್ಟುಕೊಂಡ. "ಸುಮ್ನೆ ಕೇಳ್ದೆ ಅಕ್ಕಾ."

ಅಕ್ಕನ ಕೈ ಮೇಜಿನ ಅಂಚು ಹಿಡಿಯಿತು. ಅವಳಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. ಹೂಂ ಎಂದು ಸೊಳ್ಳೆಯನ್ನು ತೆಗೆದುಕೊಂಡರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಅಷ್ಟು ಕೂಡ ಅವಳ ಕೈಲಾಗುವುದಿಲ್ಲ ಎಂದು ತಕ್ಕಡಿಗೆ ಅವಳ ಬೆರಳು ನೋಡಿಯೇ ತಿಳಿಯಿತು. ಅವನು ಹುಟ್ಟಿದಾಗಿನಿಂದ ನೋಡಿದ ಬೆರಳು ಅವು.

"ನಾನೇ ಬಿಡು ಅಂದಿದ್ದೆ" ಎಂದ ತಕ್ಕಡಿ.

ಎಲ್ಲರೂ ಅವನ ಕಡೆ ತಿರುಗಿದರು.

"ಒಳ್ಳೊಳ್ಳೆಯವರನ್ನ ನನಗೋಸ್ಕರ ಬಿಟ್ಟುಬಿಡು ಅಂತ ಅವಳಿಗೆ ಹೇಳಿಟ್ಟಿದ್ದೆ. ಅವಳು ಮೊದಲು, ನಾನು ಆಮೇಲೆ. ಪ್ರತಿ ವರ್ಷ ಹೀಗೇ. ಎಲ್ಲ ನಾನೇ ತಗೊಂಡ್ರೆ ಸಿಕ್ಕಿಬೀಳ್ತೀನಿ ಅಂತ ಸೊಳ್ಳೇನ, ಹೋದ ವರ್ಷ ಗೋಲ್‌ಕೀಪರ್‌ನ ಕೈಬಿಟ್ಟೆ. ಈಗ ಸೊಳ್ಳೇನ ತಗೊಂಡ್ರೆ ಆಡಿದ ಮಾತು ಮುರಿದ ಹಾಗಾಗುತ್ತೆ ಅಂತ ಬೇಡ ಅಂತಿದಾಳೆ. ಪಾಪ, ಅವಳದೇನೂ ತಪ್ಪಿಲ್ಲ. ಮೋಸ ನನ್ನದು."

ಯಾರದೇ ತಂಡ ಗೆದ್ದರೂ ಮರು ಎಣಿಕೆ ಕೇಳುತ್ತಿದ್ದವನು, ಅಮ್ಮ ಚೀಟಿ ಎತ್ತುವಾಗ ಕಣ್ಣಿಗೆ ಬಟ್ಟೆ ಕಟ್ಟಿಸಿದವನು, ಇವನು! ಮೊದಲು ನಕ್ಕವನು ಷಡ್ಡಕ. ಅವನ ಮೊಬೈಲು ಜೇಬಿಗೆ ಹೋಯಿತು.

"ಬೇಲಿಯೇ ಎದ್ದು ಹೊಲ ಮೇಯ್ತಲ್ಲ ಭಾವ. ಅಷ್ಟು ಮೋಸ ಮಾಡಿಯೂ ಒಂದು ಸಲನಾದ್ರೂ ಗೆದ್ದಿದ್ದೀರಾ?"

"ಕದಿಯೋದಕ್ಕೂ ಯೋಗ್ಯತೆ ಬೇಕು ಕಣಪ್ಪ" ಎಂದಳು ಅಮ್ಮ.

ನಂಬುವುದು ಎಲ್ಲರಿಗೂ ಎಷ್ಟು ಸುಲಭವಾಯಿತು ಎಂದು ನೋಡಿ ತಕ್ಕಡಿಗೆ ಒಳಗೇ ಚುಚ್ಚಿತು. ಊರಿನ ಕಳ್ಳರನ್ನೆಲ್ಲ ಹಿಡಿದವನು ಕಳ್ಳನಾದರೆ ಜನಕ್ಕೆ ಏನೋ ಒಂದು ತೃಪ್ತಿ. ಹೆಂಡತಿ ಮಾತ್ರ ನಗಲಿಲ್ಲ. ಅವಳು ಗಂಡನ ಮುಖವನ್ನೇ ನೋಡಿ, "ಮನೆಗೆ ಬನ್ನಿ, ಮಾತಾಡೋಣ" ಎಂದಳು. ಈ ವರ್ಷ ಕೊನೆಗೆ ಯಾರೇ ಬರಲಿ, ಪಾತ್ರೆ ತಕ್ಕಡಿಯೇ ತೊಳೆಯಬೇಕೆಂದು ತೀರ್ಪಾಯಿತು. ಆ ಹೊತ್ತಿನಿಂದಲೇ ಜಾರಿ.

ಅಡುಗೆಮನೆಯಲ್ಲಿ ಅವನು ತೋಳು ಮಡಿಸುತ್ತಿದ್ದಾಗ ಅಕ್ಕ ಹಿಂದೆಯೇ ಬಂದು ಬಾಗಿಲು ಮುಂದೆ ಮಾಡಿದಳು.

"ನೀನು ಯಾವತ್ತು ನನಗೆ ಹಾಗೆ ಹೇಳಿದ್ದೆ?"

"ಹೇಳಿರ್ಲಿಲ್ಲ."

"ಮತ್ತೆ ಆಸ್ಪತ್ರೆಗೆ ಯಾಕೆ ಬಂದಿದ್ದೆ?"

"ತೂಕ ನೋಡೋಕೆ."

ಅಕ್ಕ ಅವನ ಕೈಯಿಂದ ಪಾತ್ರೆ ಕಸಿದುಕೊಂಡು, "ನಿನಗೆ ತೊಳೆಯೋಕೆ ಬರಲ್ಲ, ಒರೆಸು" ಎಂದಳು. ಅವಳ ಕಣ್ಣು ತುಂಬಿತ್ತು. ಇಬ್ಬರೂ ಪಕ್ಕಪಕ್ಕ ನಿಂತರು. ತಕ್ಕಡಿಗೆ ಆ ಹೊತ್ತು ಹಾಯೆನಿಸಿತು. ಆದರೆ ಹುಟ್ಟುಗುಣ ಸುಟ್ಟರೂ ಹೋಗದು.

"ಅಕ್ಕ, ಗರಗಸ ಆಡ್ತಾನೆ ತಾನೇ?"

ಅವಳು ಅವನ ಕಡೆ ನೋಡಿದಳು. ತಂಡ ಆರಿಸಿದ ದಿನ ನೋಡಿದ ಹಾಗೆಯೇ.

"ಅಂಚಲ್ಲಿ ಸೋಪು ಉಳಿದಿದೆ ನೋಡು" ಎಂದಳು. "ಸರಿಯಾಗಿ ಒರೆಸು."

ಸೀಸನ್ನಿನ ಮೊದಲ ಪಂದ್ಯದ ದಿನ ಎಲ್ಲರೂ ಮತ್ತೆ ಅಮ್ಮನ ಮನೆಯಲ್ಲಿ ಟಿವಿಯ ಮುಂದೆ ಸೇರಿದರು. ಎರಡೂ ತಂಡಗಳು ಸಾಲಾಗಿ ಮೈದಾನಕ್ಕೆ ಬಂದವು. ಸೊಳ್ಳೆ ಇದ್ದ, ನಿಂತಲ್ಲೇ ಕಾಲು ಕುಣಿಸುತ್ತಿದ್ದ. ಗರಗಸ ಇರಲಿಲ್ಲ. ಮಣಿಕಟ್ಟಿನ ಮೂಳೆಯಲ್ಲಿ ಸಣ್ಣ ಬಿರುಕು, ಕೆಲವು ವಾರಗಳಿಂದ ಮುಚ್ಚಿಟ್ಟುಕೊಂಡೇ ಅಭ್ಯಾಸ ಮಾಡುತ್ತಿದ್ದನಂತೆ, ಈ ಸೀಸನ್ ಪೂರ್ತಿ ಆಡುವಂತಿಲ್ಲ ಎಂದು ವೀಕ್ಷಕ ವಿವರಣೆಯವನು ಹೇಳಿದ.

ತಕ್ಕಡಿ ಷಡ್ಡಕನನ್ನೇ ನೋಡುತ್ತಿದ್ದ. ಷಡ್ಡಕನ ಕಣ್ಣು ಅಕ್ಕನ ಮೇಲೆ ಹೋಯಿತು, ಅಲ್ಲಿಂದ ತಕ್ಕಡಿಯ ಮೇಲೆ ಬಂತು, ಮತ್ತೆ ಅಕ್ಕನ ಮೇಲೆ ಹೋಯಿತು. ಕೊನೆಗೆ ಅವನು ತೊಡೆ ತಟ್ಟಿ ನಕ್ಕ.

"ಅಕ್ಕನಿಗೆ ಏನೋ ಗೊತ್ತಿದೆ ಅಂತ ನಾನೂ ಒಂದು ವಾರ ತಲೆ ಕೆಡಿಸ್ಕೊಂಡಿದ್ದೆ. ಗೊತ್ತಿದ್ದಿದ್ರೆ ಸ್ವಂತ ತಮ್ಮನನ್ನೇ ಹೀಗೆ ಮುಳುಗಿಸ್ತಿದ್ರಾ? ಅದೂ ಇಬ್ಬರೂ ಸೇರಿ ಮೋಸ ಮಾಡ್ತಾ ಇದ್ದಾಗ. ಇಲ್ಲ ಬಿಡಿ, ಅಕ್ಕನಿಗೆ ನಿಜವಾಗ್ಲೂ ಹಾಕಿ ಗೊತ್ತಿಲ್ಲ."

"ಗೊತ್ತಿಲ್ಲ" ಎಂದಳು ಅಕ್ಕ.

ಅಮ್ಮ, "ಪಾಪದ ಫಲ ಇಷ್ಟು ಬೇಗ ಸಿಗೋದು ನಾನು ಇದೇ ಮೊದಲು ನೋಡಿದ್ದು" ಎಂದು ಮಗನ ಬೆನ್ನು ಸವರಿದಳು. ಗರಗಸ ಹೋದ, ತಂಡ ಹೋಯಿತು, ಇದ್ದ ಒಳ್ಳೆಯ ಹೆಸರೂ ಹೋಯಿತು. ಪಾತ್ರೆ ಒರೆಸುತ್ತ ತಾನು ಕೇಳಿದಾಗ ಆ ಬಿರುಕು ಅಕ್ಕನ ಕಣ್ಣ ಮುಂದೆಯೇ ಇತ್ತು. ತನಗಾಗಿ ಮಾನ ಕಳೆದುಕೊಂಡು ಪಕ್ಕದಲ್ಲಿ ನಿಂತ ತಮ್ಮನಿಗೂ ಅವಳು ಹೇಳಿರಲಿಲ್ಲ. ಆಗ ಉಳಿದವರ ಭವಿಷ್ಯ ಬಾಕಿಯಿತ್ತು, ಅದಲುಬದಲಿನ ಗಡುವು ಇನ್ನೂ ಮುಗಿದಿರಲಿಲ್ಲ. ಒಂದು ಸಲ ತಲೆಯಾಡಿಸಿದ್ದರೂ ಸಾಕಿತ್ತು.

ತಕ್ಕಡಿ ಇಷ್ಟು ವರ್ಷ ಅಂಗಡಿ ಅಂಗಡಿ ಅಲೆದು ಹುಡುಕಿದ್ದು ಯಾರ ಕಡೆಗೂ ವಾಲದ ಇಂಥದೊಂದನ್ನೇ. ಅವನಿಗೆ ನಗು ಬಂತು. ಎಲ್ಲರೂ ಅವನಿಗೆ ದುಃಖಕ್ಕೆ ಬುದ್ಧಿ ಕೆಟ್ಟಿದೆ ಎಂದುಕೊಂಡರು. ಅವನು ಎದ್ದು, ತೋಳು ಮಡಿಸಿಕೊಂಡು, ಊಟದ ತಟ್ಟೆಗಳನ್ನೆಲ್ಲ ಒಟ್ಟುಮಾಡಿ ಅಡುಗೆಮನೆಗೆ ಹೋದ. ಅಕ್ಕ ಆಗಲೇ ನಲ್ಲಿ ತಿರುಗಿಸಿ, ಒರೆಸುವ ಬಟ್ಟೆಯನ್ನು ಅವನ ಪಾಲಿಗೆಂದು ಪಕ್ಕದಲ್ಲಿ ತೆಗೆದಿಟ್ಟಿದ್ದಳು.